ವಿದ್ಯಾರ್ಥಿವೇತನ ಯಾವ ತಿಂಗಳು ಬರುತ್ತದೆ?



1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಒಬ್ಬ ಯುವಕನಿಗೆ ಮೂರು ವರ್ಷಗಳ ವಿದ್ಯಾರ್ಥಿವೇತನ ಮಂಜೂರು ಮಾಡಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ತಿಂಗಳಿಗೆ 11.5 ಪೌಂಡ್. ಆ ಯುವಕ ಭೀಮರಾವ್ ಅಂಬೇಡ್ಕರ್. ಮುಂದೆ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ, 1944ರಲ್ಲಿ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಎಂಬತ್ತು ವರ್ಷ ದಾಟಿದರೂ ಆ ಯೋಜನೆ ನಡೆಯುತ್ತಿದೆ. ಹೇಗೆ ನಡೆಯುತ್ತಿದೆ ಎಂಬುದೇ ಈ ಸಮ್ಮೇಳನದ ಮುಂದಿರುವ ವಿಷಯ.

ಉನ್ನತ ಶಿಕ್ಷಣದಲ್ಲಿ ಈಗ ಸದ್ದು ಮಾಡುತ್ತಿರುವುದು ಬೇರೆ ಸಂಗತಿಗಳು. 2025ರ ಜನವರಿಯಲ್ಲಿ ಯುಜಿಸಿ ಕುಲಪತಿಗಳ ನೇಮಕದ ಕರಡು ನಿಯಮ ಹೊರಡಿಸಿತು. ರಾಜ್ಯಗಳ ಅಧಿಕಾರ ಹೋಗುತ್ತದೆಂದು ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಸಚಿವರು ಬೆಂಗಳೂರಿನಲ್ಲಿ ಸೇರಿ ವಿರೋಧಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ಆಯೋಗ ಕರ್ನಾಟಕದ ರಾಜ್ಯ ಶಿಕ್ಷಣ ನೀತಿಯ ವರದಿಯನ್ನು ಮುಖ್ಯಮಂತ್ರಿಗಳ ಕೈಗಿತ್ತಿತು. ನಾಲ್ಕು ವರ್ಷದ ಪದವಿಯನ್ನು ದೇಶದಲ್ಲೇ ಮೊದಲು ತಂದ ಕರ್ನಾಟಕ 2024-25ರಲ್ಲಿ ಮೂರು ವರ್ಷಕ್ಕೆ ಮರಳಿತ್ತು. 2025ರ ಡಿಸೆಂಬರ್‌ನಲ್ಲಿ ವಿಕಸಿತ ಭಾರತ ಶಿಕ್ಷಾ ಅಧಿಷ್ಠಾನ ಮಸೂದೆ ಲೋಕಸಭೆಗೆ ಬಂತು, ಅಲ್ಲಿಂದ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಯುಜಿಸಿ, ಎಐಸಿಟಿಇ, ಎನ್‌ಸಿಟಿಇ ಈ ಮೂರು ನಿಯಂತ್ರಣ ಸಂಸ್ಥೆಗಳನ್ನೂ ತೆಗೆದು ಒಂದೇ ಮಂಡಳಿ ಮಾಡುವುದು ಅದರ ಗುರಿ.

ಈ ಮಸೂದೆಯಲ್ಲಿ ಹಣದ ಮಾತು ಬಂದ ಕಡೆ ತುಸು ನಿಂತು ಓದಬೇಕು. 1956ರ ಕಾಯ್ದೆಯಡಿ ನಿಯಮ ಮಾಡುವುದೂ ಅನುದಾನ ಕೊಡುವುದೂ ಯುಜಿಸಿಯ ಕೆಲಸವಾಗಿತ್ತು. ಹೊಸ ಮಂಡಳಿಗೆ ಅನುದಾನದ ಅಧಿಕಾರವಿಲ್ಲ. ಅದು ಶಿಕ್ಷಣ ಸಚಿವಾಲಯದ ಕಡೆಗೆ ಸರಿಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಅರ್ಹತೆ ಇಲ್ಲದೆ ಪಿಎಚ್‌.ಡಿ. ಮಾಡುವವರಿಗೆ ಸಿಗುವ ತಿಂಗಳ 8,000 ರೂಪಾಯಿಯನ್ನು 2015ರಲ್ಲಿ ನಿಲ್ಲಿಸಲು ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಯುಜಿಸಿ ಕಚೇರಿಯ ಎದುರು ಕೂತು ಉಳಿಸಿಕೊಂಡಿದ್ದರು. ನಾಳೆ ಅವರು ಯಾರ ಬಾಗಿಲಿಗೆ ಹೋಗಬೇಕು? 2022ರಲ್ಲಿ ಅಲ್ಪಸಂಖ್ಯಾತ ಸಂಶೋಧನಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ಅಲ್ಪಸಂಖ್ಯಾತರ ವ್ಯವಹಾರಗಳ ಸಚಿವಾಲಯ ಸಂಸತ್ತಿನಲ್ಲಿ ಕೊಟ್ಟ ಒಂದು ಉತ್ತರದಲ್ಲೇ ನಿಂತುಹೋಯಿತು ಎಂಬುದನ್ನು ಸಂಸದೀಯ ಸಮಿತಿಯ ಸದಸ್ಯರಿಗೆ ಯಾರಾದರೂ ನೆನಪಿಸಬೇಕು.

ಇನ್ನು ಸಾಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನು, ಅಡಮಾನ ಎರಡೂ ಬೇಡ. ಎಂಟು ಲಕ್ಷದೊಳಗಿನ ಆದಾಯದ ಮನೆಯವರಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3ರಷ್ಟು ರಿಯಾಯಿತಿ. ಒಳ್ಳೆಯದೇ. ಆದರೆ ಯೋಜನೆ ಶುರುವಾದಾಗ ಪಟ್ಟಿಯಲ್ಲಿದ್ದುದು ಮುಖ್ಯವಾಗಿ ಕೇಂದ್ರದ ಎನ್‌ಐಆರ್‌ಎಫ್ ಶ್ರೇಯಾಂಕ ನೋಡಿ ಆರಿಸಿದ 860 ಸಂಸ್ಥೆಗಳು ಮಾತ್ರ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಓದುವ ಹುಡುಗಿಗೆ ಆ ಬಾಗಿಲು ತೆರೆಯುವುದಿಲ್ಲ.

ಆಕೆಗೆ ದಿಕ್ಕು ವಿದ್ಯಾರ್ಥಿವೇತನವೇ. ಲೆಕ್ಕ ನೋಡಿ. ಕೇಂದ್ರದ 2021ರ ಮಾರ್ಗಸೂಚಿಯಂತೆ ಮನೆಯಿಂದಲೇ ಓಡಾಡಿ ಸಾಮಾನ್ಯ ಪದವಿ ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಶುಲ್ಕದ ಹೊರತಾಗಿ ಸಿಗುವ ಭತ್ಯೆ ವರ್ಷಕ್ಕೆ 3,000 ರೂಪಾಯಿ, ಎಂದರೆ ತಿಂಗಳಿಗೆ 250. ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷ ಮೀರುವಂತಿಲ್ಲ. ಅಪ್ಪ ಆಟೊ ಓಡಿಸಿ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗಿ ತಲಾ 11,000 ತಂದರೂ 2.64 ಲಕ್ಷ, ಮಗಳ ಹೆಸರು ಹೊರಗೆ. ಮೇಲ್ಜಾತಿಗಳ ಬಡವರ ಮೀಸಲಾತಿಗೆ ಎಂಟು ಲಕ್ಷದ ಮಿತಿಯಿಟ್ಟ ಸರ್ಕಾರ ಇಲ್ಲಿ ಎರಡೂವರೆ ಲಕ್ಷಕ್ಕೆ ಜೋತುಬಿದ್ದಿರುವುದಕ್ಕೆ ಸಮರ್ಥನೆಯೇ ಇಲ್ಲ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಈ ವಿದ್ಯಾರ್ಥಿವೇತನ ಯೋಜನೆಗೆ ಕೇಂದ್ರ, ರಾಜ್ಯ 60:40ರ ಪಾಲಿನಂತೆ ಒಟ್ಟು 59,048 ಕೋಟಿ ರೂಪಾಯಿ ಗೊತ್ತುಮಾಡಿತ್ತು. ಆ ಸುತ್ತು 2025-26ಕ್ಕೆ ಮುಗಿಯುವಂಥದ್ದು. ಹದಿನಾರನೇ ಹಣಕಾಸು ಆಯೋಗದ ಅವಧಿಗೆ ಹೊಸ ಮಾರ್ಗಸೂಚಿ ಬರೆಯುವಾಗ ಈ ಆದಾಯ ಮಿತಿಯೇ ಮೊದಲು ಬದಲಾಗಬೇಕು.

ಮೊತ್ತಕ್ಕಿಂತ ಹೆಚ್ಚಾಗಿ ಮನೆಗಳನ್ನು ಕಂಗೆಡಿಸುವುದು ಹಣ ಬರುವ ಹೊತ್ತು. ಶುಲ್ಕ, ಬಸ್ ಪಾಸು, ಪುಸ್ತಕ ಎಲ್ಲದರ ಖರ್ಚು ಬೀಳುವುದು ವರ್ಷದ ಆರಂಭದಲ್ಲಿ. ವಿದ್ಯಾರ್ಥಿವೇತನ ಎಷ್ಟೋ ಸಲ ಪರೀಕ್ಷೆ ಮುಗಿದ ಮೇಲೆ ಖಾತೆಗೆ ಬೀಳುತ್ತದೆ. ನಡುವಿನ ತಿಂಗಳುಗಳನ್ನು ಕೈಸಾಲ ನಡೆಸುತ್ತದೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ ಬೇಕು, ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ಇರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಎಂಬುದರ ಮೇಲೆ ಒಂದು ವರ್ಷದ ಓದು ನಿಂತಿರುವುದು ವಿಚಿತ್ರವಾದರೂ ನಿಜ.

ಪಕ್ಕದ ತಮಿಳುನಾಡು 2022ರ ಸೆಪ್ಟೆಂಬರ್‌ನಲ್ಲಿ ‘ಪುದುಮೈ ಪೆಣ್’ ಆರಂಭಿಸಿತು. ಆರರಿಂದ ಹನ್ನೆರಡನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿ ಕಾಲೇಜಿಗೆ ಸೇರಿದರೆ ತಿಂಗಳಿಗೆ 1,000 ರೂಪಾಯಿ. 2024ರಲ್ಲಿ ಹುಡುಗರಿಗೂ ಅದು ವಿಸ್ತರಿಸಿತು. ಅದರ ಗುಣವಿರುವುದು ‘ತಿಂಗಳಿಗೆ’ ಎಂಬುದರಲ್ಲಿ. ಕರ್ನಾಟಕದಲ್ಲಿ ವಿದ್ಯಾಸಿರಿ, ರೈತ ವಿದ್ಯಾನಿಧಿ, ಅರಿವು, ಪ್ರಬುದ್ಧ ಎಂದು ಯೋಜನೆಗಳಿಗೆ ಬರವಿಲ್ಲ. ಒಂದೊಂದಕ್ಕೆ ಒಂದೊಂದು ಇಲಾಖೆ, ಒಂದೊಂದು ಷರತ್ತು.

ಈ ಸಮ್ಮೇಳನ ರಾಜ್ಯ ಸರ್ಕಾರದ ಮುಂದೆ ಒಂದೇ ಬೇಡಿಕೆ ಇಟ್ಟರೂ ಸಾಕು: ಪ್ರವೇಶ ಮುಗಿದ ಅರವತ್ತು ದಿನದೊಳಗೆ ಮೊದಲ ಕಂತು ಖಾತೆಗೆ ಬೀಳಲಿ, ತಡವಾದರೆ ಕಾರಣವನ್ನು ಲಿಖಿತವಾಗಿ ತಿಳಿಸಲಿ. ಇದಕ್ಕೆ ಹೊಸ ಕಾನೂನು ಬೇಡ, ಆದೇಶ ಸಾಲುತ್ತದೆ. ಅಲ್ಲಿಯವರೆಗೆ ಇಲ್ಲಿರುವ ಅಧ್ಯಾಪಕರು ತಮ್ಮ ಕಾಲೇಜಿನಲ್ಲಿ ಪ್ರವೇಶದ ವಾರವೇ ಒಂದು ಮೇಜು ಹಾಕಿ, ಮಕ್ಕಳ ಆಧಾರ್, ಅಂಕಪಟ್ಟಿ, ಬ್ಯಾಂಕ್ ಖಾತೆಯ ಹೆಸರುಗಳನ್ನು ತಾಳೆ ನೋಡಿಕೊಡಬೇಕೆಂದು ವಿನಂತಿ.