ಪಾಠ ಮರೆತ ನಾಯಿಮರಿ

ನಾಯಿಮರಿ ಮನೆಯೊಳಗೆ ಉಚ್ಚೆ ಹೊಯ್ಯುವುದೂ ಒಂದು ಭಾಷಣದ ವಿಷಯವೇ ಎಂದು ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ. ಆದರೆ ಪ್ರೀತಿಯಿಂದ ತಂದ ಎಷ್ಟೋ ಮರಿಗಳು ಇದೊಂದೇ ಕಾರಣಕ್ಕೆ ಏಟು ತಿನ್ನುತ್ತವೆ, ಕೊನೆಗೆ ಸಂತೆಯಲ್ಲೋ ರಸ್ತೆಯ ಮಗ್ಗುಲಲ್ಲೋ ಮನೆಯಿಲ್ಲದೆ ನಿಲ್ಲುತ್ತವೆ. ನನ್ನ ಅಕ್ಕನ ಮನೆಯಲ್ಲೂ ಹಾಗೇ ಆಗುವುದರಲ್ಲಿತ್ತು. ಆ ಕಥೆಯನ್ನೂ, ಅದರ ಹಿಂದಿನ ವಿಜ್ಞಾನವನ್ನೂ ನಿಮಗೆ ಹೇಳಬೇಕೆಂದಿದ್ದೇನೆ.

ಅಕ್ಕನ ಮನೆ ಇರುವುದು ಸಗರನಾಡಿನಲ್ಲಿ, ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಹಿಂಡು ನಿಲ್ಲಿಸಲು ಬಂದಿದ್ದ ಕುರಿಗಾರರ ಬಳಿ ಒಂದು ನಾಯಿ ಮರಿ ಹಾಕಿತ್ತು. ಸಂಕ್ರಾಂತಿಯ ಹೊತ್ತಿಗೆ ಅದರಲ್ಲೊಂದು ಹೆಣ್ಣುಮರಿಯನ್ನು ನನ್ನ ಸೋದರಳಿಯ ಮನೆಗೆ ತಂದ. ಆಗ ಅದಕ್ಕೆ ಎರಡು ತಿಂಗಳು. ಹೆಸರು ಚಿನ್ನಿ. ಹುಡುಗ ಒಂಬತ್ತನೆಯ ತರಗತಿ. ಪುಸ್ತಕ ಓದಿ, ಅವರಿವರನ್ನು ಕೇಳಿ, ಶಹಾಪುರದ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಗೂಡು ಮಾಡಿಸಿದ. ಅದನ್ನು ನೋಡಿ ಅವನ ಆಯಿ, ಅಂದರೆ ಅಜ್ಜಿ, ಸಿಟ್ಟಾದರು. "ಜೀವ ಇರೋ ಕೂಸಿನ್ನ ಪಂಜರದಾಗ ಹಾಕ್ತೀಯೇನೋ ತಮ್ಮಾ?" ಎಂದು ಕೇಳಿದರು.

ಆಯಿ ಕೇಳಿದ ಪ್ರಶ್ನೆ ಸರಿಯಾದದ್ದೇ. ಗೂಡು ಏಕೆ ಬೇಕು? ಹುಟ್ಟಿದ ಮೊದಲ ವಾರಗಳಲ್ಲಿ ನಾಯಿಮರಿಗೆ ತಾನಾಗಿ ಮೂತ್ರ ಮಾಡಲೂ ಬಾರದು. ತಾಯಿ ನೆಕ್ಕಿದಾಗಲೇ ಅದು ಮೂತ್ರ ಬಿಡುತ್ತದೆ. ತಾಯಿಯೇ ಅದನ್ನು ಶುಚಿ ಮಾಡುತ್ತದೆ. ಸುಮಾರು ಮೂರು ವಾರ ಕಳೆದು ಕಾಲು ಬಂದ ಮೇಲೆ ಮರಿ ಮಲಗುವ ಜಾಗ ಬಿಟ್ಟು ದೂರ ತೆವಳಿ ಹೋಗಿ ಆ ಕೆಲಸ ಮುಗಿಸುತ್ತದೆ. ಮಲಗುವ ಜಾಗವನ್ನು ಹೊಲಸು ಮಾಡಬಾರದೆಂಬ ಈ ಸ್ವಭಾವವನ್ನೇ ಗೂಡು ಬಳಸಿಕೊಳ್ಳುತ್ತದೆ. ಒಳಗೆ ಹಳೆಯ ಕೌದಿ ಹಾಸಿ, ನೆರಳಿನಲ್ಲಿಟ್ಟು, ಮರಿ ತಾನಾಗಿ ಹೋಗಿ ಮಲಗುವಂತೆ ರೂಢಿ ಮಾಡಿದರೆ ಅದು ಗೂಡು. ಸಿಟ್ಟು ಬಂದಾಗ ದೂಡಿ ಬಾಗಿಲು ಹಾಕಿದರೆ ಅದೇ ಪಂಜರ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ, ಪ್ರಾಣಿ ಸರಿಯಾಗಿ ಅಲುಗಾಡಲೂ ಆಗದಷ್ಟು ಇಕ್ಕಟ್ಟಾದ ಪಂಜರದಲ್ಲಿ ಅದನ್ನು ಇಡುವುದು ಅಪರಾಧ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟು ಹೋಗುವುದೂ ಅಪರಾಧವೇ.

ಶಿವರಾತ್ರಿ ಕಳೆಯುವ ಹೊತ್ತಿಗೆ ಚಿನ್ನಿ ಪಾಠ ಕಲಿತಿತ್ತು. ಗೂಡಿನ ಬಾಗಿಲು ತೆರೆದೊಡನೆ ಹಿತ್ತಲಿನ ಬೇವಿನ ಗಿಡದ ಕಡೆಗೆ ಓಡುತ್ತಿತ್ತು. ಮನೆಯವರೆಲ್ಲ ಮೆಚ್ಚಿದರು. ಯುಗಾದಿ ಕಳೆದು ಕೆಲವು ದಿನಗಳಾದ ಮೇಲೆ ಒಂದು ರಾತ್ರಿ ಅಳಿಯ ಫೋನ್ ಮಾಡಿದ. ದನಿ ಸಣ್ಣದಾಗಿತ್ತು.

"ಮಾಮಾ, ಚಿನ್ನಿ ಎಲ್ಲಾ ಮರ್ತದ. ಪಡಸಾಲ್ಯಾಗ ಉಚ್ಚಿ ಹೊಯ್ತದ, ಗೂಡಿನ್ಯಾಗೂ ಹೊಯ್ತದ. ಹೊಡದ್ರೂ ಕೇಳವಲ್ದು. ಐತವಾರ ಸಂತ್ಯಾಗ ಬಿಟ್ಟು ಬಾ ಅಂತಾಳ ಅವ್ವ."

ಅಂದು ಬುಧವಾರ. ನಡುವೆ ಇದ್ದದ್ದು ಮೂರೇ ದಿನ. ನಾನು ಅಕ್ಕನೊಂದಿಗೆ ಮಾತಾಡಿ ಎರಡು ವಾರದ ಗಡುವು ಕೇಳಿದೆ. "ನೀ ಬಂದು ಒರಸ್ತೀಯೇನು?" ಎಂದಳು ಅಕ್ಕ. ಅವಳ ಮಾತಿನಲ್ಲೂ ನ್ಯಾಯವಿತ್ತು. ಮೂರು ಹೊತ್ತೂ ನೆಲ ಒರೆಸುತ್ತಿದ್ದವಳು ಅವಳೇ.

ನಮ್ಮ ಸ್ಟುಡಿಯೊದಲ್ಲಿ ರೆಕಾರ್ಡಿಂಗ್ ಕೆಟ್ಟರೆ ಮೊದಲು ಯಾರನ್ನೂ ಬೈಯುವುದಿಲ್ಲ. ಲಾಗ್ ಪುಸ್ತಕ ತೆರೆದು, ಎಷ್ಟು ಹೊತ್ತಿಗೆ ಏನು ಕೆಟ್ಟಿತು ಎಂದು ನೋಡುತ್ತೇವೆ. ಅಳಿಯನಿಗೂ ಅದನ್ನೇ ಹೇಳಿದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆ. ಊಟ ಎಷ್ಟು ಹೊತ್ತಿಗೆ, ನೀರು ಎಷ್ಟು ಸಲ, ನಿದ್ದೆ ಯಾವಾಗ, ಹೊರಗೆ ಕರೆದೊಯ್ದದ್ದು ಯಾವಾಗ ಎಂದು ಬರೆ. ಒಳಗೆ ಉಚ್ಚೆ ಹೊಯ್ದರೆ ಎಲ್ಲಿ, ಎಷ್ಟು, ಆಗ ಎದುರಿಗೆ ಯಾರಿದ್ದರು ಎಂಬುದನ್ನೂ ಬರೆ. ನಾಲ್ಕು ದಿನ ಹೊಡೆಯಬೇಡ, ಬರೆ.

ನಾಲ್ಕು ದಿನದ ಮೇಲೆ ಅವನು ನೋಟ್‌ಬುಕ್ ಓದಿ ಹೇಳಿದ. ನಮಗೆ ಒಂದೇ ತಪ್ಪಿನಂತೆ ಕಂಡದ್ದು ಅದರಲ್ಲಿ ಮೂರು ಬಗೆಯಾಗಿತ್ತು.

ಮೊದಲನೆಯದು, ಬೆಳಗಿನ ಹೊತ್ತು ಗೂಡಿನೊಳಗೆ ಒಂದೇ ಸಲಕ್ಕೆ ಬಹಳಷ್ಟು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಎಂದು ಹುಡುಗ ನಸುಕಿನ ಬಸ್ಸಿಗೆ ಟ್ಯೂಷನ್ನಿಗೆ ಹೋಗತೊಡಗಿದ್ದ. ಆರು ಗಂಟೆಗೆ ತೆರೆಯುತ್ತಿದ್ದ ಬಾಗಿಲು ಎಂಟರ ತನಕ ತೆರೆಯುತ್ತಿರಲಿಲ್ಲ. ಸಾಲದ್ದಕ್ಕೆ ಬೇಸಿಗೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟು ಮೈ ತಣಿಸಿಕೊಳ್ಳುತ್ತದೆ. ಅದಕ್ಕೆ ನೀರು ಬೇಕು, ಬಹಳ ಬೇಕು. ನೀರು ಹೆಚ್ಚು ಕುಡಿದ ಮರಿ ಹೆಚ್ಚು ಸಲ ಹೊರಗೆ ಹೋಗಲೇಬೇಕು.

ಮೂತ್ರಕೋಶ ತುಂಬಿದಾಗ ಅದರ ಗೋಡೆ ಹಿಗ್ಗುತ್ತದೆ. ಆ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಮುಟ್ಟುತ್ತದೆ. 'ತಡೆ, ಈಗ ಬೇಡ' ಎಂದು ಮೇಲಿನಿಂದ ಆಜ್ಞೆ ಕೊಡುವುದು ಮೆದುಳು. ಆ ಹಿಡಿತ ಬಲಿಯಲು ಕಾಲ ಬೇಕು. ಮನುಷ್ಯರ ಕೂಸಿಗೆ ಎರಡು ಮೂರು ವರ್ಷ ಬೇಕಲ್ಲವೇ? ನಾಯಿ ಸಾಕುವವರು ಒಂದು ಲೆಕ್ಕ ಹೇಳುತ್ತಾರೆ: ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ ಅಷ್ಟು ಗಂಟೆ ಅದು ತಡೆಯಬಲ್ಲದು. ಇದು ಹೆಚ್ಚೆಂದರೆ ಇಷ್ಟು ಎಂಬ ಅಂದಾಜು. ದಿನವೂ ಅಷ್ಟು ಹೊತ್ತು ಕೂಡಿಹಾಕಲು ಕೊಟ್ಟ ಪರವಾನಗಿಯಲ್ಲ.

ಗೂಡಿನ ಅಳತೆಯೂ ತಪ್ಪಾಗಿತ್ತು. ನಾಯಿ ದೊಡ್ಡದಾದ ಮೇಲೂ ಬರಲಿ ಎಂದು ದೊಡ್ಡದಾಗಿ ಮಾಡಿಸಿದ್ದರು. ಮರಿಗೆ ಅದು ಎರಡು ಕೋಣೆಯ ಮನೆಯಾಯಿತು. ಒಂದು ಮೂಲೆ ಮಲಗಲು, ಇನ್ನೊಂದು ಮೂಲೆ ಉಚ್ಚೆಗೆ! ಎದ್ದು ನಿಂತು, ಸುತ್ತ ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಬಿಟ್ಟು ಉಳಿದದ್ದಕ್ಕೆ ಹಲಗೆ ಅಡ್ಡ ಇಡಬೇಕು. ಮರಿ ಬೆಳೆದಂತೆ ಹಲಗೆ ಸರಿಸಬೇಕು.

ಎರಡನೆಯ ಬಗೆ, ಮನೆಯ ಹಿರಿಯರು ಎದುರು ಬಂದು ಗದರಿದಾಗ ನಿಂತಲ್ಲೇ ನಾಲ್ಕು ಹನಿ. ನನ್ನ ಭಾವನವರದು ಗಟ್ಟಿ ದನಿ. ಅವರು ಬಗ್ಗಿ ಕೈ ಎತ್ತಿದರೆ ಚಿನ್ನಿ ಕಿವಿ ಹಿಂದೆ ಮಾಡಿ, ಬಾಲ ಮುದುಡಿ, ನೆಲಕ್ಕೆ ಅಂಟಿ ಉಚ್ಚೆ ಬಿಡುತ್ತಿತ್ತು. ಇದು ಹಟವಲ್ಲ. ನಾಯಿಗಳ ಭಾಷೆಯಲ್ಲಿ 'ನಾನು ಚಿಕ್ಕವಳು, ಬಿಟ್ಟುಬಿಡು' ಎಂದು ಹೇಳುವ ರೀತಿ ಅದು. ಅದಕ್ಕೆ ಮತ್ತೆ ಹೊಡೆದರೆ ಮತ್ತಷ್ಟು ಉಚ್ಚೆ ಹೊಯ್ಯುತ್ತದೆ. ಮಗ್ಗುಲಿಗೆ ಕೂತು, ಮೆಲ್ಲಗೆ ಕರೆದು, ಗದ್ದದ ಕೆಳಗೆ ಸವರಿದರೆ ಸಾಕು. ಬೆಳೆದಂತೆ ಬಹುಪಾಲು ಮರಿಗಳಲ್ಲಿ ಇದು ತಾನೇ ಹೋಗುತ್ತದೆ.

"ಆದರ ಮಾಮಾ, ತಪ್ಪು ಮಾಡೀನಿ ಅಂತ ಅದಕ್ಕ ಗೊತ್ತದ. ಮಾರಿ ಕೆಳಗ ಹಾಕ್ತದ" ಎಂದ ಅಳಿಯ. ನಮಗೆಲ್ಲ ಹಾಗೇ ಕಾಣುತ್ತದೆ. 2009ರಲ್ಲಿ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿಜ್ಞಾನಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ನಾಯಿ ನಿಜವಾಗಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದಕ್ಕೂ ಆ ತಪ್ಪಿತಸ್ಥ ಮುಖಕ್ಕೂ ಸಂಬಂಧ ಕಾಣಲಿಲ್ಲ. ಒಡೆಯರು ಬೈದಾಗ ಮಾತ್ರ ಆ ಮುಖ ಹೆಚ್ಚಾಗಿ ಕಂಡಿತು. ಅಂದರೆ ನಾವು ತಪ್ಪೊಪ್ಪಿಗೆ ಎಂದು ಓದುತ್ತಿರುವುದು ಬರೀ ಹೆದರಿಕೆ. ಅರ್ಧ ಗಂಟೆಯ ಹಿಂದಿನ ಉಚ್ಚೆಗೆ ಈಗ ಏಟು ಕೊಟ್ಟರೆ ಮರಿ ಅವೆರಡನ್ನೂ ಜೋಡಿಸಲಾರದು. ಅದು ಕಲಿಯುವುದು ಒಂದೇ: ಮನುಷ್ಯರ ಕಣ್ಣೆದುರು ಉಚ್ಚೆ ಹೊಯ್ದರೆ ಅಪಾಯ. ಆಮೇಲೆ ಹೊರಗೆ ಕರೆದೊಯ್ದರೂ ನಿಮ್ಮೆದುರು ಹೊಯ್ಯುವುದಿಲ್ಲ. ಒಳಗೆ ಬಂದು ಜೋಳದ ಚೀಲದ ಮರೆಗೆ ಹೋಗಿ ಹೊಯ್ಯುತ್ತದೆ. ಚಿನ್ನಿ ಮಾಡುತ್ತಿದ್ದದ್ದೂ ಅದನ್ನೇ.

ಮೂರನೆಯ ಬಗೆ ನನ್ನನ್ನು ಚಿಂತೆಗೆ ಹಚ್ಚಿತು. ಹಿತ್ತಲಿಗೆ ಹೋಗಿ ಬಂದ ಹತ್ತೇ ನಿಮಿಷಕ್ಕೆ ಮತ್ತೆ ಸ್ವಲ್ಪ. ಇಪ್ಪತ್ತು ನಿಮಿಷಕ್ಕೆ ಮತ್ತೆ ಸ್ವಲ್ಪ. ನಿದ್ದೆಯಿಂದ ಎದ್ದು ಹಿಂಭಾಗವನ್ನು ಪದೇ ಪದೇ ನೆಕ್ಕಿಕೊಳ್ಳುವುದು. "ಇದು ಪಾಠದ ಮಾತಲ್ಲ, ನಾಳೆನೇ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗು" ಎಂದೆ. ವೈದ್ಯರು ಪರೀಕ್ಷಿಸಿ ಮೂತ್ರನಾಳಕ್ಕೆ ಸೋಂಕು ತಗುಲಿದೆ ಎಂದರು. ಹೆಣ್ಣುನಾಯಿಗಳಲ್ಲಿ ಮೂತ್ರನಾಳ ಗಿಡ್ಡದಾಗಿರುವುದರಿಂದ ಸೋಂಕು ಬೇಗ ಮೇಲೇರುತ್ತದೆ. ಔಷಧಿ ಕೊಟ್ಟರು, ಮಧ್ಯದಲ್ಲಿ ನಿಲ್ಲಿಸದೆ ಹೇಳಿದಷ್ಟು ದಿನ ಹಾಕಿರಿ ಎಂದರು.

ಆ ರಾತ್ರಿ ಅಳಿಯ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅದಕ್ಕ ಬ್ಯಾನಿ ಇತ್ತು ಮಾಮಾ. ನಾ ಹೊಡದೆ" ಎಂದ. ನನಗೂ ಕೂಡಲೇ ಮಾತು ಬರಲಿಲ್ಲ. ನಿಮಗೂ ಒಂದು ಎಚ್ಚರಿಕೆ: ಕಲಿತ ಮರಿ ಇದ್ದಕ್ಕಿದ್ದಂತೆ ತಪ್ಪತೊಡಗಿದರೆ ಮೊದಲು ವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ. ಪ್ಯಾರಸಿಟಮಾಲ್, ಐಬುಪ್ರೊಫೇನ್‌ಗಳಿಂದ ನಾಯಿಯ ಜೀವಕ್ಕೇ ಅಪಾಯವಾಗಬಹುದು.

ಸೋಂಕು ವಾಸಿಯಾಯಿತು. ಆದರೂ ಪಡಸಾಲೆಯ ಅದೇ ಮೂಲೆ ಮತ್ತೆ ಒದ್ದೆಯಾಗುತ್ತಿತ್ತು. ಇಲ್ಲಿ ರಸಾಯನಶಾಸ್ತ್ರ ನೆರವಿಗೆ ಬಂತು. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಆ ಘಾಟು ಅದರದೇ. ನಮ್ಮ ಕಡೆಯ ಮನೆಗಳಿಗೆ ಹಾಸುವ ಶಹಾಬಾದ್ ಪರಸಿ ಒಂದು ಸುಣ್ಣದಕಲ್ಲು. ಪರಸಿಗಳ ನಡುವಿನ ಸಂದಿಗೆ ಇಳಿದ ಮೂತ್ರ ಮೇಲೆ ಒರೆಸಿದರೆ ಹೋಗದು. ನಮ್ಮ ಮೂಗಿಗೆ ಫಿನಾಯಿಲ್ ಮಾತ್ರ ಗೊತ್ತಾಗುತ್ತದೆ. ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 20 ಕೋಟಿಗೂ ಮೇಲಿವೆ. ನಮ್ಮಲ್ಲಿರುವುದು 50–60 ಲಕ್ಷದ ಆಸುಪಾಸು. ಫಿನಾಯಿಲ್ಲಿನ ಕೆಳಗಿನ ಹಳೆಯ ವಾಸನೆ ಅದಕ್ಕೆ 'ಇದೇ ಜಾಗ' ಎಂದು ಬೋರ್ಡು ಹಾಕಿದಂತೆ ಕಾಣುತ್ತದೆ.

ಅಕ್ಕ ಆಸಿಡ್ ಹಾಕಿ ತಿಕ್ಕಲು ಹೊರಟಿದ್ದಳು. ಬೇಡವೆಂದೆ. ಸುಣ್ಣದಕಲ್ಲಿಗೆ ಆಮ್ಲ ಬಿದ್ದರೆ ನೊರೆಯುಕ್ಕಿ ಕಲ್ಲು ಸವೆಯುತ್ತದೆ; ನಿಂಬೆರಸವೂ ಅದನ್ನೇ ಮಾಡುತ್ತದೆ. ಇನ್ನು ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಸೇರಿಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಈ ಕೆಲಸ ಎಂದೂ ಮಾಡಬೇಡಿ. ಹಸಿ ಇರುವಾಗಲೇ ಬಟ್ಟೆಯಿಂದ ಹೀರಿ, ಸೋಪಿನ ಪುಡಿಯ ಬೆಚ್ಚನೆಯ ನೀರಿನಿಂದ ಸಂದಿ ತಿಕ್ಕಿ, ಚೆನ್ನಾಗಿ ತೊಳೆದು, ಅಡಿಗೆ ಸೋಡಾ ಉದುರಿಸಿ ಒಣಗಲು ಬಿಡಿ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವವಿರುವ ದ್ರಾವಣ ಇನ್ನೂ ಒಳ್ಳೆಯದು.

"ಜಾತಿ ನಾಯಿ ತಂದಿದ್ರ ಹೀಂಗ ಆಗ್ತಿರಲಿಲ್ಲ" ಎಂದು ನೆರೆಯವರೊಬ್ಬರು ಅಂದರಂತೆ. ಮುಧೋಳ ನಾಯಿ ನಮ್ಮ ನಾಡಿನ ಹೆಮ್ಮೆ, ನಿಜ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಆದರೆ ಮುಧೋಳದ ಮರಿಗಾದರೂ ಕುರಿಗಾರರ ಮರಿಗಾದರೂ ಮೂತ್ರಕೋಶ ತುಂಬುವ ನಿಯಮ ಒಂದೇ. ಪಾಠವೂ ಒಂದೇ.

ಆ ಪಾಠವನ್ನು ಅಳಿಯ ಮೊದಲಿನಿಂದ ಶುರು ಮಾಡಿದ. ಮರಿಗೆ ಐದು ತಿಂಗಳಾಗಿದ್ದರೂ ಎರಡು ತಿಂಗಳದ್ದೆಂದೇ ನಡೆಸಿಕೊಂಡ. ನಿದ್ದೆಯಿಂದ ಎದ್ದೊಡನೆ, ಊಟವಾದ ಕಾಲು ಗಂಟೆಗೆ, ಆಟ ಮುಗಿದ ಮೇಲೆ, ರಾತ್ರಿ ಮಲಗುವ ಮುಂಚೆ, ಅದೇ ದಾರಿಯಿಂದ ಅದೇ ಬೇವಿನ ಬುಡಕ್ಕೆ. ಹೊರಗೆ ಉಚ್ಚೆ ಹೊಯ್ದ ಕೂಡಲೇ, ಅಲ್ಲೇ, ಒಂದು ಚೂರು ಜೋಳದ ರೊಟ್ಟಿ ಮತ್ತು ಒಂದು ಒಳ್ಳೆಯ ಮಾತು. ಮನೆಗೆ ಬಂದು ಕೊಟ್ಟರೆ ತಡವಾಯಿತು. ನೀರು ಮಾತ್ರ ಕಡಿಮೆ ಮಾಡಬಾರದು, ಬೇಸಿಗೆಯಲ್ಲಿ ಅದು ಕೊಲೆಗೆ ಸಮ. ಟ್ಯೂಷನ್ನಿಗೆ ಹೋಗುವ ಮುನ್ನ ಐದು ಗಂಟೆಗೆ ಎದ್ದು ಬಾಗಿಲು ತೆರೆಯುವುದು ಅವನದೇ ಪಾಲಿನ ಕೆಲಸವಾಯಿತು. ಒಳಗೆ ಒದ್ದೆಯಾದರೆ ಒರೆಸುವುದೂ ಅವನೇ. ಅಕ್ಕ ಹಾಕಿದ ಷರತ್ತು ಅದೊಂದೇ.

ಎರಡು ವಾರದಲ್ಲಿ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಹತ್ತನೆಯ ದಿನ, ಆರು ದಿನ ಒಣಗಿದ್ದ ಪಡಸಾಲೆ ಮತ್ತೆ ಒದ್ದೆಯಾಯಿತು. ಹುಡುಗ ಕಂಗಾಲಾದ. ಅವನಿಗೆ ಪಾವ್ಲೋವ್ ಎಂಬ ರಷ್ಯದ ವಿಜ್ಞಾನಿಯ ಕಥೆ ಹೇಳಿದೆ. 1904ರಲ್ಲಿ ಜೀರ್ಣಕ್ರಿಯೆಯ ಸಂಶೋಧನೆಗಾಗಿ ನೊಬೆಲ್ ಪಡೆದವರು ಅವರು. ನಾಯಿಗಳ ಮೇಲೆ ಪ್ರಯೋಗ ಮಾಡುವಾಗ ಅವರು ಒಂದು ಸಂಗತಿ ಕಂಡರು. ಬಿಡಿಸಿದ ಹಳೆಯ ರೂಢಿ ಸ್ವಲ್ಪ ಬಿಡುವು ಕೊಟ್ಟ ಮೇಲೆ ತಾನಾಗಿ ಮತ್ತೆ ತಲೆ ಎತ್ತುತ್ತದೆ. ಆದರೆ ಪ್ರತಿ ಸಲವೂ ಮೊದಲಿಗಿಂತ ದುರ್ಬಲವಾಗಿ. ಹಳೆಯದು ಅಳಿಸಿಹೋಗಿರುವುದಿಲ್ಲ, ಹೊಸದು ಅದರ ಮೇಲೆ ಗಟ್ಟಿಯಾಗುತ್ತಿರುತ್ತದೆ. ಆದ್ದರಿಂದ ಒಂದು ಹಿನ್ನಡೆ ಎಂದರೆ ಪಾಠ ಹಾಳಾಯಿತೆಂದಲ್ಲ. ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ನಡೆ ಎಂದಷ್ಟೇ.

ಐತವಾರದ ಸಂತೆಗಳು ಬಂದು ಹೋದವು. ಚಿನ್ನಿ ಮನೆಯಲ್ಲೇ ಉಳಿಯಿತು. ಕಾರಹುಣ್ಣಿಮೆಗೆ ನಾನು ಊರಿಗೆ ಹೋದಾಗ ಅಳಿಯ ಆ ನೋಟ್‌ಬುಕ್ ತೋರಿಸಿದ. ಕೊನೆಯ ಮೂರು ವಾರದ ಹಾಳೆಗಳಲ್ಲಿ 'ಒಳಗೆ' ಎಂಬ ಕಾಲಂ ಖಾಲಿ. ಗೂಡಿನ ಬಾಗಿಲು ತೆರೆದೇ ಇತ್ತು. ಮಧ್ಯಾಹ್ನದ ಬಿಸಿಲಿಗೆ ಮರಿ ತಾನೇ ಒಳಗೆ ಹೋಗಿ ಮಲಗಿತ್ತು. ಕೌದಿ ಮಾತ್ರ ಹೊಸದು. "ಹಳೀದು ಹರಿದಿತ್ತು, ಚುಚ್ಚತಿತ್ತು" ಎಂದರು ಆಯಿ. ಹೊಲಿದವರು ಅವರೇ.

ಮಿತ್ರರೇ, ನಿಮ್ಮ ಮನೆಯ ಮರಿ ಪಾಠ ಮರೆತರೆ ಕೈ ಎತ್ತುವ ಮುಂಚೆ ಒಂದು ಹಾಳೆಯ ಮೇಲೆ ನಾಲ್ಕು ಗೆರೆ ಎಳೆಯಿರಿ. ಮಾತು ಬಾರದ ಆ ಜೀವ ಏನು ಹೇಳುತ್ತಿದೆ ಎಂಬುದು ಅಲ್ಲಿ ಸಿಕ್ಕೀತು.