ಕೋಪರಿಯ ಕಾಂಡ್ಲಾ ಕಾಡು



ಬ್ಯಾಂಕಿನ ಲೆಕ್ಕ ಬರೆಯುವವನಿಗೆ ಕಾಡಿನ ಗೊಡವೆ ಏಕೆಂದು ನೀವು ಕೇಳಬಹುದು. ಹೋದ ವರ್ಷ ಕುಮಟೆಯಿಂದ ಬಂದ ನನ್ನ ತಾಯಿಯವರನ್ನು ಮೀಠಬಂದರದ ಕಡೆಗೆ ತಿರುಗಾಡಲು ಕರೆದೊಯ್ದಿದ್ದೆ. ಖಾಡಿಯ ಅಂಚಿನ ಗಿಡಗಳನ್ನು ಕಂಡೊಡನೆ ಅವರು, “ಇದು ನಮ್ಮ ಅಘನಾಶಿನಿಯ ಕಾಂಡ್ಲಾ ಅಲ್ಲವೇನೋ!” ಎಂದರು. ಒಂಬತ್ತು ವರ್ಷಗಳಿಂದ ಕೋಪರಿಯಲ್ಲಿರುವ ನಾನು ಅದನ್ನು ಬರಿಯ ಕೆಸರೆಂದೇ ತಿಳಿದಿದ್ದೆ.

ಠಾಣೆಯ ಖಾಡಿಯಲ್ಲಿ ಹೆಚ್ಚಾಗಿರುವ ಕಾಂಡ್ಲಾ ಮರವನ್ನು ಮರಾಠಿಯಲ್ಲಿ ತಿವರ ಎನ್ನುತ್ತಾರೆ. ಶಾಸ್ತ್ರದ ಹೆಸರು ಅವಿಸೆನಿಯಾ ಮರೀನಾ. ಉಬ್ಬರದಲ್ಲಿ ಅದರ ಬುಡಕ್ಕೆ ಉಪ್ಪುನೀರು, ಇಳಿತದಲ್ಲಿ ಕೆಸರು. ಆ ಕೆಸರಿನೊಳಗೆ ಗಾಳಿಯಾಡುವುದಿಲ್ಲ. ಆದುದರಿಂದ ಅದರ ಬೇರುಗಳು ಪೆನ್ಸಿಲುಗಳನ್ನು ನೆಟ್ಟಂತೆ ಮೇಲಕ್ಕೆದ್ದು ಸಣ್ಣ ರಂಧ್ರಗಳಿಂದ ಉಸಿರಾಡುತ್ತವೆ. ಹೀರಿದ ಉಪ್ಪನ್ನು ಎಲೆಗಳು ಹೊರಚೆಲ್ಲುತ್ತವೆ. ತಾಯಿಯವರು ಒಂದು ಎಲೆಯನ್ನು ನೆಕ್ಕಿ ತೋರಿಸಿದರು. ಖಾಡಿಯ ನೀರನ್ನು ಬಲ್ಲ ನಾನು ನೆಕ್ಕಲಿಲ್ಲ!

ಉದುರಿದ ಎಲೆ ಅಲ್ಲಿಯೇ ಕೊಳೆಯುತ್ತದೆ. ನಮಗೆ ನಾತವೆನಿಸುವುದೇ ಏಡಿಗಳ, ಸಿಗಡಿಗಳ ಅನ್ನ. ಮೀನಿನ ಮರಿಗಳು ಬೇರುಗಳ ನಡುವೆ ಅಡಗಿ ಬೆಳೆಯುತ್ತವೆ. ಕೆಸರಿನ ಮೇಲೆ ತೆವಳುವ ನಿವಟಿ ಎಂಬ ಮೀನನ್ನು ಚೆಂದಣಿಯ ಕೋಳಿಗಳು ಚೆನ್ನಾಗಿ ಬಲ್ಲರು. ಕಾಡಿನಾಚೆಯ ಬಯಲು ಕೆಸರಿನಲ್ಲಿ ಪಾಚಿಯನ್ನು ಸೋಸಿ ತಿನ್ನಲು ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. 2015ರಲ್ಲಿ ಖಾಡಿಯ ಒಂದು ಭಾಗ ಅವುಗಳ ಅಭಯಾರಣ್ಯವಾಯಿತು. ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್‌ಸಾರ್ ಪಟ್ಟಿಗೆ ಠಾಣೆಯ ಖಾಡಿ 2022ರಲ್ಲಿ ಸೇರಿತು, ಅಘನಾಶಿನಿಯ ಅಳಿವೆ 2024ರಲ್ಲಿ. ಊರಿಗಿಂತ ನಾವೇ ಮುಂದೆಂದು ತಾಯಿಯವರನ್ನು ಕೆಣಕಿದ್ದುಂಟು.

ಆದರೆ ಅಂದು ಒಂದೆಡೆ ಗಿಡಗಳು ನಿಂತಲ್ಲೇ ಒಣಗಿದ್ದವು. ಬುಡದಲ್ಲಿ ಇಟ್ಟಿಗೆ, ಸಿಮೆಂಟು, ಒಡೆದ ನೀಲಿ ಟೈಲ್ಸು. ಉಸಿರಾಡುವ ಬೇರನ್ನು ಮುಚ್ಚಿದರೆ ಮರವನ್ನು ಕಡಿಯಬೇಕಾದ ಅವಶ್ಯಕತೆಯೇ ಇಲ್ಲ. 2018ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ಕಾಡಿನಲ್ಲಿ ಮಣ್ಣು, ಕಸ ಸುರಿಯುವುದನ್ನೂ, ಅದರ ಸುತ್ತ 50 ಮೀಟರಿನೊಳಗೆ ಕಟ್ಟಡ ಕಟ್ಟುವುದನ್ನೂ ನಿಷೇಧಿಸಿತು. ಆದರೂ ರಾತ್ರಿ ಲಾರಿಗಳು ಬರುತ್ತವೆ.

ಆ ನೀಲಿ ಟೈಲ್ಸು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅದರ ಹಿಂದಿನ ವರ್ಷವೇ ನಮ್ಮ ಕಟ್ಟಡದ ಹಳೆಯ ಬಚ್ಚಲುಗಳನ್ನು ಒಡೆದು ಕಟ್ಟಿಸಿದ್ದೆವು, ಅವೂ ನೀಲಿಯೇ. ಸೊಸೈಟಿಯ ಖಜಾಂಚಿ ನಾನು. “ಮಣ್ಣು ಸಾಗಣೆ” ಎಂದು ಬರೆದ ಬಿಲ್ಲಿಗೆ, ಮೊತ್ತವನ್ನು ಎರಡು ಸಲ ಕೂಡಿ ನೋಡಿ, ಸಹಿ ಹಾಕಿದ್ದೆ. ಎಲ್ಲಿಗೆ ಸಾಗಿಸಿದಿರೆಂದು ಕೇಳಿರಲಿಲ್ಲ. ಅವು ನಮ್ಮವೇ ಎಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ತಾಯಿಯವರಿಗೆ ಅಂದು ಇದನ್ನು ತಿಳಿಸಲಿಲ್ಲ.

ಈಗ ಎಲ್ಲಿ ಸುರಿದರೆಂಬ ರಸೀದಿಯಿಲ್ಲದೆ ಅಂಥ ಬಿಲ್ಲಿಗೆ ನಾನು ಸಹಿ ಹಾಕುವುದಿಲ್ಲ. ಇಲ್ಲಿ ಕುಳಿತಿರುವವರಲ್ಲಿ ಇನ್ನೂ ನಾಲ್ಕಾರು ಮಂದಿ ತಮ್ಮ ತಮ್ಮ ಸೊಸೈಟಿಗಳ ಖಜಾಂಚಿಗಳೆಂದು ನಾನು ಬಲ್ಲೆ.