ರಾಜ್ಯಯಂತ್ರದ ವೇಗವೂ ರೈತನ ಪಹಣಿಯೂ

(ದೊಡ್ಡೇರಿಯ ಗ್ರಾಮಸ್ಥರ ಮತ್ತು ಉಪಾಧ್ಯಾಯರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ದೇಶವು ಬೇಗನೆ ಮುಂದುವರಿಯಬೇಕಾದರೆ ಸರ್ಕಾರದ ಕಾರ್ಯದಕ್ಷತೆ ಹೇಗೆ ಹೆಚ್ಚಬೇಕೆಂಬುದನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ವಿಷಯವು ದೊಡ್ಡದು. ನಾನಾದರೋ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಕಾಲು ಸವೆಸಿದ ವಕೀಲ. ಆದುದರಿಂದ ಮಹಾಯೋಜನೆಗಳ ವಿಚಾರವನ್ನು ಬಲ್ಲವರಿಗೆ ಬಿಟ್ಟು, ಒಂದು ಹಾಳೆ ಕಾಗದದ ವಿಚಾರವನ್ನು ಮಾತ್ರ ತಮ್ಮ ಮುಂದಿಡುತ್ತೇನೆ. ಆ ಕಾಗದವೇ ಪಹಣಿ.

ನಮ್ಮ ಹಿಂದಿನ ಮೈಸೂರು ಸಂಸ್ಥಾನವು ಆಡಳಿತಕ್ಕೆ ಹೆಸರಾಗಿತ್ತೆಂಬುದು ನಿರ್ವಿವಾದ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಏರ್ಪಟ್ಟು, ಊರವರ ಅಹವಾಲು ದಿವಾನರ ಕಿವಿಗೆ ಬೀಳುವ ಒಂದು ದಾರಿಯಾಯಿತು. ವಿಶ್ವೇಶ್ವರಯ್ಯನವರು ದಿವಾನಗಿರಿ ನಡೆಸಿದ್ದು ೧೯೧೨ರಿಂದ ೧೯೧೮ರವರೆಗೆ, ಆರೇ ವರ್ಷ. ಅಷ್ಟರಲ್ಲಿ ೧೯೧೩ರಲ್ಲಿ ಮೈಸೂರು ಬ್ಯಾಂಕೂ ೧೯೧೬ರಲ್ಲಿ ವಿಶ್ವವಿದ್ಯಾನಿಲಯವೂ ಹುಟ್ಟಿದವು. ಆದರೆ ಊರಿನ ದಫ್ತರ ಮಾತ್ರ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿಯೇ ಉಳಿಯಿತು. ರೈತನ ನೆಲ ಯಾವುದೆಂಬುದು ದಿವಾನರಿಗಿಂತಲೂ ಆ ಪೆಟ್ಟಿಗೆಗೆ ಚೆನ್ನಾಗಿ ಗೊತ್ತಿತ್ತು!

೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತಷ್ಟೆ. ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂಬ ಐದು ಆಡಳಿತಗಳಿಂದ ಬಂದ ಅಣ್ಣತಮ್ಮಂದಿರು ಒಂದೇ ಮನೆ ಸೇರಿದರು. ಆದರೆ ಒಬ್ಬೊಬ್ಬರ ಕಂದಾಯದ ಕಟ್ಟಳೆ ಒಂದೊಂದು ಬಗೆ. ಭೂಪಟದಲ್ಲಿ ಒಂದಾದ ನಾಡಿಗೆ ಒಂದೇ ಭೂಕಂದಾಯ ಕಾಯಿದೆ ಬಂದುದು ೧೯೬೪ರಲ್ಲಿ. ಏಕೀಕರಣದ ಕೆಲಸವು ಧ್ವಜ ಹಾರಿಸಿದ ದಿನವೇ ಮುಗಿಯಿತೆಂದು ತಿಳಿದವರು ಈ ಎಂಟು ವರ್ಷಗಳನ್ನು ನೆನೆಯಬೇಕು.

೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ ಗ್ರಾಮಲೆಕ್ಕಿಗರು ಬಂದರು. ಕೈ ಬದಲಾಯಿತು, ಪೆಟ್ಟಿಗೆ ಬದಲಾಗಲಿಲ್ಲ. ನಿಜವಾದ ಬದಲಾವಣೆ ಕಂಡುದು ೨೦೦೦ದ ಆಸುಪಾಸಿನಲ್ಲಿ, 'ಭೂಮಿ' ಯೋಜನೆಯಿಂದ. ಸುಮಾರು ೬೭ ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ಹದಿನೈದು ರೂಪಾಯಿ ಕೊಟ್ಟವನಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ದೊರೆಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂಬ ಕಟ್ಟು ಬಿತ್ತು. ಯಾವ ಅಧಿಕಾರಿ ಯಾವಾಗ ಏನು ತಿದ್ದಿದನೆಂಬುದು ಅವನ ಬೆರಳಿನ ಗುರುತಿನಿಂದಲೇ ತಿಳಿಯುವಂತಾಯಿತು. ದಕ್ಷತೆಯೆಂದರೆ ನನ್ನ ಪಾಲಿಗೆ ಇದೇ: ಪ್ರತಿಯೊಂದು ಕಾಗದಕ್ಕೂ ಒಬ್ಬ ಹೊಣೆಗಾರ, ಒಂದು ತಾರೀಖು.

ಆದರೆ ಯಂತ್ರವು ತನಗೆ ಉಣಿಸಿದುದನ್ನೇ ಉಗುಳುತ್ತದೆ. ನನ್ನ ಕಕ್ಷಿದಾರಳಾದ ಒಬ್ಬ ವಿಧವೆಯ ಸಂಗತಿ ಕೇಳಿರಿ. ನೆಲವು ತೀರಿಹೋದ ಮಾವನ ಹೆಸರಿನಲ್ಲಿಯೇ ಇತ್ತು. ಪೌತಿ ಖಾತೆಗಾಗಿ ಆಕೆ ಎರಡು ವರ್ಷ ತಿರುಗಿದಳು. ವಂಶವೃಕ್ಷ ತಂದರೆ ಮರಣಪತ್ರ ಕೇಳುವರು, ಮರಣಪತ್ರ ತಂದರೆ ಮೈದುನರ ಒಪ್ಪಿಗೆ ಕೇಳುವರು. ಅಷ್ಟರಲ್ಲಿ ಮಳೆ ಹೋಗಿ ಶೇಂಗಾ ಒಣಗಿತು, ಬೆಳೆ ನಷ್ಟದ ಪಟ್ಟಿಯೂ ಬಂದಿತು. ಅದರಲ್ಲಿ ಆಕೆಯ ಹೆಸರಿಲ್ಲ. "ಸ್ವಾಮಿ, ಉತ್ತವಳು ನಾನು, ಬಿತ್ತಿದವಳು ನಾನು, ಕಾಗದದಲ್ಲಿ ಮಾತ್ರ ನಮ್ಮ ಮಾವನವರು ಇನ್ನೂ ಬೇಸಾಯ ಮಾಡ್ತಾ ಅವ್ರೆ" ಎಂದಳು. ನಗು ಬಂದರೂ ನಗಲಾರದೆ ಕುಳಿತೆ.

ನೆರೆಯ ಪಾವಗಡವನ್ನು ನೋಡಿರಿ. ತಿರುಮಣಿ, ವಳ್ಳೂರುಗಳ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು ೧೩,೦೦೦ ಎಕರೆಯಲ್ಲಿ ಸೌರವಿದ್ಯುತ್ ಕ್ಷೇತ್ರವು ಎದ್ದಿತು. ಅದಕ್ಕಾಗಿ ೨೦೧೫ರಲ್ಲಿ ಸಂಸ್ಥೆ ಕಟ್ಟಿ, ೨೦೧೮ರಲ್ಲಿ ಉದ್ಘಾಟಿಸಿ, ೨೦೧೯ರ ಕೊನೆಗೆ ೨,೦೫೦ ಮೆಗಾವ್ಯಾಟ್ ಪೂರ್ಣವಾಯಿತು. ಸರ್ಕಾರದ ಕೆಲಸಕ್ಕೆ ಇದು ಓಟವೇ ಸರಿ. ಕಾರಣವೇನು? ನೆಲವನ್ನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿನಂತೆ ಮೊದಲಾಗಿ, ಕಾಲಕಾಲಕ್ಕೆ ಏರುವ ಗುತ್ತಿಗೆಗೆ ಹಿಡಿದರು. ಒಡೆತನ ರೈತನದಾಗಿಯೇ ಉಳಿಯಿತು. ಆತ ನ್ಯಾಯಾಲಯಕ್ಕೆ ಓಡುವ ಕಾರಣವೂ ಕಡಮೆಯಾಯಿತು. ಆದರೆ ಗುತ್ತಿಗೆಯ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವನ ಮನೆಗೆ. ಅದೇ ಹೊಲದಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದವನ ಹೆಸರು ಯಾವ ಕಲಮಿನಲ್ಲಿಯೂ ಇಲ್ಲ. ಅವನ ಕೂಲಿ ಹೋಯಿತು, ಬಾಡಿಗೆ ಬರಲಿಲ್ಲ. ವೇಗವನ್ನು ಹೊಗಳುವಾಗ ಇದನ್ನು ಮರೆತರೆ ನಾವು ಅರ್ಧ ಲೆಕ್ಕ ಬರೆದಂತೆ.

ತಡಕ್ಕೆ ಮದ್ದೇ ಇಲ್ಲವೆ? ಉಂಟು. 'ಸಕಾಲ' ಎಂದು ಕರೆಯುವ ೨೦೧೧ರ ಕಾಯಿದೆಯು ೨೦೧೨ರಲ್ಲಿ ಜಾರಿಗೆ ಬಂದಿತು. ಗೊತ್ತುಪಡಿಸಿದ ಸೇವೆಗೆ ಗೊತ್ತುಪಡಿಸಿದ ದಿನ. ಮೀರಿದರೆ ದಿನಕ್ಕೆ ೨೦ ರೂಪಾಯಿನಂತೆ, ೫೦೦ ರೂಪಾಯಿಗೆ ಮೀರದಂತೆ, ಅರ್ಜಿದಾರನಿಗೆ ಪರಿಹಾರ. ಅದೂ ತಪ್ಪಿತಸ್ಥ ನೌಕರನ ಸಂಬಳದಿಂದ. ಮೊತ್ತ ಚಿಕ್ಕದು, ತತ್ತ್ವ ಚಿಕ್ಕದಲ್ಲ. ಆದರೆ ನನ್ನ ಕಕ್ಷಿದಾರರಲ್ಲಿ ಇದನ್ನು ಕೇಳಿ ಪಡೆದ ಒಬ್ಬನನ್ನೂ ನಾನು ಕಂಡಿಲ್ಲ. "ನಾಳೆಯೂ ಅವರ ಹತ್ತಿರವೇ ಹೋಗಬೇಕಲ್ಲಾ" ಎನ್ನುತ್ತಾರೆ. ಅರ್ಜಿ ಕೊಟ್ಟವರು ಸಕಾಲದ ಹದಿನೈದು ಅಂಕಿಯ ಸಂಖ್ಯೆಯುಳ್ಳ ರಸೀದಿಯನ್ನು ಕೇಳುವುದೂ ಇಲ್ಲ. ರಸೀದಿಯಿಲ್ಲದ ಅರ್ಜಿಗೆ ತಾರೀಖಿಲ್ಲ. ತಾರೀಖಿಲ್ಲದ ಅರ್ಜಿ ತಡವಾಯಿತೆಂದು ಯಾವ ಮೇಲ್ಮನವಿಯಲ್ಲಿ ವಾದಿಸಲಿ?

ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹವಿದೆ. ಊರಿನಲ್ಲಿ ಓದು ಬಲ್ಲವರು ತಾವು. ಮುಂದಿನ ಭಾನುವಾರ ಬೆಳಗ್ಗೆ ಶಾಲೆಯ ಜಗುಲಿಯಲ್ಲಿ ನಾನು ಕುಳಿತಿರುತ್ತೇನೆ. ತಮ್ಮಲ್ಲಿ ಇಬ್ಬರು ಜೊತೆಗಿದ್ದರೆ ಸಾಕು. ಪಹಣಿಯಲ್ಲಿ ಇನ್ನೂ ತೀರಿಹೋದ ಹಿರಿಯರ ಹೆಸರೇ ಇರುವ ಮನೆಯವರು ಮರಣಪತ್ರ, ವಂಶವೃಕ್ಷಗಳೊಡನೆ ಬರಲಿ. ಅರ್ಜಿಗಳನ್ನು ಅಲ್ಲಿಯೇ ಬರೆದು, ಸೋಮವಾರ ಎಲ್ಲರೂ ಕೂಡಿ ನಾಡಕಚೇರಿಗೆ ಹೋಗಿ, ಒಂದೊಂದಕ್ಕೂ ರಸೀದಿ ಪಡೆದೇ ಹಿಂದಿರುಗೋಣ.